ಊಟಕ್ಕೆ ಮುಂಚೆ ಒಂದು ಹೆಸರು

ಪಿತೃಪಕ್ಷ ಬಂತೆಂದರೆ ಕುಣಿಗಲ್ಲಿನ ನಮ್ಮ ಪಕ್ಕದ ಮನೆಯವರು ಹಿರಿಯರ ಫೋಟೋ ಮುಂದೆ ಎಡೆ ಇಡುತ್ತಾರೆ. ಮುದ್ದೆ, ಬಾಡಿನ ಸಾರು, ವಡೆ, ಎಲೆ ಅಡಿಕೆ. ತಾತನಿಗೆ ಇಷ್ಟ ಅಂತ ಒಂದು ಕಟ್ಟು ಬೀಡಿ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಜಗುಲಿಗೆ ಬಂದು ಕೂರುತ್ತಾರೆ. ಒಳಗೆ ಹಿರಿಯರು ನೆಮ್ಮದಿಯಾಗಿ ಉಂಡು ಹೋಗಲಿ ಅಂತ.

ನಾವು ಕಥೋಲಿಕರು. ನಮ್ಮ ಮನೆಯಲ್ಲಿ ಎಡೆ ಇಲ್ಲ. ನವೆಂಬರ್ 2ಕ್ಕೆ ಸಮಾಧಿ ತೊಳೆದು, ಹೂವು ಇಟ್ಟು, ಮೇಣದಬತ್ತಿ ಹಚ್ಚಿ, ಫಾದರ್ ಬಂದು ಪ್ರಾರ್ಥನೆ ಮಾಡಿದರೆ ನಮ್ಮ ಹಿರಿಯರ ಹಬ್ಬ ಮುಗಿಯಿತು. ಆದರೆ ಎರಡು ವರ್ಷದ ಹಿಂದೆ ಪಕ್ಕದ ಮನೆಯವರು ಜಗುಲಿ ಮೇಲೆ ಕೂತಿದ್ದಾಗ ನಮ್ಮ ಅಜ್ಜಿಯೂ ಹೋಗಿ ಅವರ ಜತೆ ಕೂತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ತಿರುಗಿ ಕೇಳಿತು: "ನನ್ ಚಿಕ್ಕಮಗನ್ನ ನೆನೆಯೋರು ಯಾರ್ ಮಗಾ? ಹೆಂಡ್ರಿಲ್ಲ, ಮಕ್ಕಳಿಲ್ಲ. ಮಣ್ಣೂ ಇಲ್ಲಿಲ್ಲ."

ಆ ಚಿಕ್ಕಮಗ ಅಂದರೆ ನಮ್ಮ ಚಿಕ್ಕಪ್ಪ. ಸಂತ ಫ್ರಾನ್ಸಿಸರ ಹಾದಿಯಲ್ಲಿ ನಡೆಯುವ ಒಂದು ಸನ್ಯಾಸಿ ಸಭೆಗೆ 19ನೇ ವಯಸ್ಸಿಗೆ ಸೇರಿಕೊಂಡವರು. ಮನೆಯಲ್ಲಿ ನಾವೆಲ್ಲ ಅವರನ್ನು 'ಬ್ರದರ್ ಚಿಕ್ಕಪ್ಪ' ಅಂತಲೇ ಕರೆಯುತ್ತಿದ್ದೆವು. ಅಣ್ಣನೂ ಹೌದು, ಚಿಕ್ಕಪ್ಪನೂ ಹೌದು ಅನ್ನುವ ಹಾಗೆ. ಚಿಕ್ಕವನಿದ್ದಾಗ ಅದು ಅವರ ಹೆಸರೇ ಅಂದುಕೊಂಡಿದ್ದೆ.

ಗೊತ್ತಿಲ್ಲದವರಿಗೆ ಒಂದು ಮಾತು. ಚರ್ಚಿನಲ್ಲಿ ಕಾಣುವ ಫಾದರ್‌ಗಳೆಲ್ಲ ಒಂದೇ ಬಗೆಯವರಲ್ಲ. ಕೆಲವರು ಒಂದು ಧರ್ಮಪ್ರಾಂತ್ಯಕ್ಕೆ ಸೇರಿ, ಬಿಷಪರ ಕೈಕೆಳಗೆ ಚರ್ಚು ನೋಡಿಕೊಳ್ಳುತ್ತಾರೆ. ಇನ್ನು ಕೆಲವರು ಮಠದಲ್ಲಿ ಒಟ್ಟಿಗೆ ಬದುಕುವ ಸನ್ಯಾಸಿಗಳು. ಅವರಲ್ಲಿ ಫ್ರಾನ್ಸಿಸ್ಕನ್, ಕಪುಚಿನ್, ಕಾರ್ಮೆಲೈಟ್, ಡೊಮಿನಿಕನ್ ಇವರನ್ನೆಲ್ಲ 'ಫ್ರೈಯರ್' ಅಂತಾರೆ. ಲ್ಯಾಟಿನ್‌ನ 'ಫ್ರಾತೆರ್' ಅನ್ನುವ ಪದದಿಂದ ಬಂದದ್ದು, ಅರ್ಥ, ಸಹೋದರ. ಇವರಲ್ಲಿ ಕೆಲವರು ದೀಕ್ಷೆ ಪಡೆದು ಗುರುಗಳಾಗುತ್ತಾರೆ. ಇನ್ನು ಕೆಲವರು ಕೊನೆತನಕ ಬರೀ ಬ್ರದರ್ ಆಗಿಯೇ ಉಳಿದು ಅಡುಗೆ, ತೋಟ, ಹೊಲಿಗೆ, ರೋಗಿಗಳ ಆರೈಕೆ ಅಂತ ಬದುಕು ಸವೆಸುತ್ತಾರೆ. ಫ್ರಾನ್ಸಿಸರೂ ಪೂಜೆ ಮಾಡುವ ಗುರುವಾಗಿರಲಿಲ್ಲ. ಅಂದಹಾಗೆ ನಮ್ಮ ಆಫೀಸಿನ ಮಿಷಿನ್‌ನಲ್ಲಿ ಬರುವ ಕ್ಯಾಪುಚಿನೊ ಇದೆಯಲ್ಲ, ಆ ಹೆಸರು ಬಂದದ್ದೂ ಕಪುಚಿನ್ ಸನ್ಯಾಸಿಗಳ ಕಂದು ಅಂಗಿಯ ಬಣ್ಣದಿಂದಲೇ. ಈ ವಿಷಯ ಹೇಳಿದಾಗ ಚಿಕ್ಕಪ್ಪ ನಕ್ಕು, "ಹಂಗಾದ್ರೆ ನಮ್ ಅಂಗಿ ಒಗೆದ ನೀರು ಕುಡೀತೀರ ಅನ್ನು" ಅಂದಿದ್ದರು.

ಚಿಕ್ಕಪ್ಪನ ಕೆಲಸ ಚಪ್ಪಲಿ ಹೊಲಿಯುವುದು.

ಪೂರ್ತಿ ಅದೇ ಅಲ್ಲ. ದನ ನೋಡಿಕೊಳ್ಳುತ್ತಿದ್ದರು, ವಯಸ್ಸಾದ ಸನ್ಯಾಸಿಗಳಿಗೆ ಸ್ನಾನ ಮಾಡಿಸುತ್ತಿದ್ದರು. ಆದರೆ 80ರ ದಶಕದಿಂದ ಹೆಚ್ಚಿನ ಕಾಲ ಕಳೆದದ್ದು ಕುಷ್ಠರೋಗಿಗಳ ಜತೆ. ಬಹಳ ಜನ ಈಗಲೂ ಕುಷ್ಠ ಬಂದರೆ ಬೆರಳು ತಾನಾಗಿ ಉದುರುತ್ತೆ ಅಂದುಕೊಂಡಿದ್ದಾರೆ. ಹಾಗಲ್ಲ. ರೋಗಾಣು ನರಗಳನ್ನು ಹಾಳು ಮಾಡುತ್ತೆ, ಪಾದಕ್ಕೆ ನೋವೇ ಗೊತ್ತಾಗೋದಿಲ್ಲ. ಮುಳ್ಳು ಚುಚ್ಚಿದರೂ, ಕಲ್ಲು ಒತ್ತಿದರೂ ಮನುಷ್ಯ ನಡೆಯುತ್ತಲೇ ಇರುತ್ತಾನೆ. ಗಾಯ ಹುಣ್ಣಾಗುತ್ತೆ, ಹುಣ್ಣು ಮೂಳೆಗೆ ಇಳಿಯುತ್ತೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಅವರ ಜತೆಗಾರರು ಇದನ್ನು ತೋರಿಸಿಕೊಟ್ಟ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಯಿತು. 80ರ ದಶಕದಲ್ಲಿ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದು ರೋಗ ಪೂರ್ತಿ ವಾಸಿಯಾಗತೊಡಗಿತು. ಆದರೆ ಸತ್ತ ನರ ಮತ್ತೆ ಬದುಕೋದಿಲ್ಲ. ರೋಗ ಹೋದ ಮೇಲೂ ಜೋಮು ಹಿಡಿದ ಆ ಪಾದವನ್ನು ಜೀವಮಾನವಿಡೀ ಕಾಯಬೇಕು. ದಿನಾ ನೀರಲ್ಲಿ ನೆನೆಸಬೇಕು, ಗಟ್ಟಿಯಾದ ಚರ್ಮ ಉಜ್ಜಬೇಕು, ಎಣ್ಣೆ ಹಚ್ಚಬೇಕು. ಮೆತ್ತನೆಯ ಎಂಸಿಆರ್ ರಬ್ಬರಿನ ಚಪ್ಪಲಿ ಹಾಕಬೇಕು. ಒಬ್ಬೊಬ್ಬರ ಪಾದ ಒಂದೊಂದು ಆಕಾರ. ಅಂಗಡಿಯ ಅಳತೆ ಯಾರಿಗೂ ಆಗಿಬರೋದಿಲ್ಲ.

ಚಿಕ್ಕಪ್ಪ ನೆಲದ ಮೇಲೆ ಕೂತು ಹಳೇ ನ್ಯೂಸ್‌ಪೇಪರಿನ ಮೇಲೆ ಪಾದ ಇಡಿಸಿ, ಪೆನ್ಸಿಲಿನಲ್ಲಿ ಸುತ್ತ ಗೀಟು ಎಳೆದು ಅಳತೆ ತೆಗೆಯುತ್ತಿದ್ದರು. ಹತ್ತನೇ ಕ್ಲಾಸಿನ ರಜೆಯಲ್ಲಿ ನಾನು ಅಲ್ಲಿಗೆ ಹೋದಾಗ ನೋಡಿದ್ದೇನೆ. ಮುದುಕರೊಬ್ಬರ ಪಾದ ಇವರ ತೊಡೆಯ ಮೇಲಿತ್ತು. ಬೆರಳುಗಳಿರಲಿಲ್ಲ. ನಾನು ಮುಖ ತಿರುಗಿಸಿಕೊಂಡೆ. ಅವರು ಅದನ್ನು ಗಮನಿಸಿದರು, ಏನೂ ಅನ್ನಲಿಲ್ಲ. "ಆ ಕತ್ತರಿ ಕೊಡು" ಅಂದರು ಅಷ್ಟೇ. ಸಂಜೆ ಕಾಫಿ ಕುಡಿಯುವಾಗ ಮಾತ್ರ, ಫ್ರಾನ್ಸಿಸರಿಗೂ ಮೊದಮೊದಲು ಕುಷ್ಠರೋಗಿಗಳನ್ನು ಕಂಡರೆ ಹೇಸಿಗೆ ಆಗುತ್ತಿತ್ತು, ಅದನ್ನು ಅವರೇ ಸಾಯುವ ಮುಂಚೆ ಬರೆಸಿಟ್ಟಿದ್ದಾರೆ ಅಂದರು. ನನಗೆ ಹೇಳಿದ್ದು ಅಂತ ಅನ್ನಿಸದ ಹಾಗೆ, ಗೋಡೆ ನೋಡಿಕೊಂಡು ಹೇಳಿದರು.

2005ರ ಕೊನೆಗೆ ದೇಶದಲ್ಲಿ ಕುಷ್ಠರೋಗ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲ ಅಂತ ಸರ್ಕಾರ ಘೋಷಿಸಿತು. ಅದಾದ ಮೇಲೂ ಚಪ್ಪಲಿ ಹೊಲಿಗೆ ನಿಲ್ಲಲಿಲ್ಲ. ಘೋಷಣೆ ಆಗಿದೆ ಅಂತ ಪಾದಕ್ಕೆ ಗೊತ್ತಾಗೋದಿಲ್ಲವಲ್ಲ.

2019ರಲ್ಲಿ ಅವರು ತೀರಿಕೊಂಡರು. ಅದೇ ವರ್ಷ ಜನವರಿ 21ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾಗಿದ್ದರು. ತುಮಕೂರಿನ ದಾರಿಯಲ್ಲೆಲ್ಲ ಜನ. ನಮ್ಮ ಬೀದಿಯಿಂದಲೂ ಹೋಗಿದ್ದರು, ಅಜ್ಜಿ ಟಿವಿ ಮುಂದೆ ಕೂತು ಅತ್ತಿತ್ತು. ನಮ್ಮ ಜಿಲ್ಲೆಯವರಿಗೆ ಸನ್ಯಾಸಿಯ ಸಾವು ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಎಡೆಯೂರಿನ ಸಿದ್ಧಲಿಂಗೇಶ್ವರರ ಗದ್ದುಗೆಗೆ ಶತಮಾನಗಳಿಂದ ಜನ ನಡೆದುಕೊಳ್ಳುತ್ತಿದ್ದಾರೆ. ಮಕ್ಕಳಿಲ್ಲದ ಸನ್ಯಾಸಿಗೆ ಊರೇ ಮಕ್ಕಳು. ಹಾಗಾಗಿ ಆರು ತಿಂಗಳ ಮೇಲೆ ತನ್ನ ಮಗನ ಸಾವಿಗೆ ಹೋದಾಗ ಅಜ್ಜಿಯ ಕಣ್ಣಲ್ಲಿ ಒಂದು ಚಿತ್ರ ಇದ್ದಿರಬೇಕು.

ಅಲ್ಲಿದ್ದದ್ದು ನಲವತ್ತೋ ಐವತ್ತೋ ಜನ. ಕಂದು ಅಂಗಿ ತೊಡಿಸಿ, ಸೊಂಟಕ್ಕೆ ಮೂರು ಗಂಟಿನ ಬಿಳಿ ಹಗ್ಗ ಕಟ್ಟಿ ಮಲಗಿಸಿದ್ದರು. ಬಡತನ, ಬ್ರಹ್ಮಚರ್ಯ, ವಿಧೇಯತೆ ಅಂತ ಮೂರು ವ್ರತಕ್ಕೆ ಮೂರು ಗಂಟು. ಪೂಜೆ ಆಯಿತು. ಮಠದ ಹಿಂದೆ ಸಾಲಾಗಿ ಸಮಾಧಿಗಳು, ಎಲ್ಲಕ್ಕೂ ಒಂದೇ ಅಳತೆಯ ಶಿಲುಬೆ. ಒಂದು ಸಾಲಿನ ಕೊನೆಗೆ ಹೊಸ ಗುಂಡಿ.

ಅಜ್ಜಿ ಮಗನನ್ನು ಕುಣಿಗಲ್ಲಿಗೆ ಕೊಡಿ ಅಂತ ಕೇಳಿತ್ತು. ತಾತನ ಪಕ್ಕ ಜಾಗ ಇದೆ, ಬಂದವರು ಒಂದು ಹಿಡಿ ಮಣ್ಣು ಹಾಕಲಿ ಅಂತ. ಮಠದ ಹಿರಿಯರು ಕೈಮುಗಿದು ಆಗೋದಿಲ್ಲ ಅಂದರು. ಒಟ್ಟಿಗೆ ಬದುಕಿದವರನ್ನು ಒಟ್ಟಿಗೆ ಮಣ್ಣು ಮಾಡೋದು ಅವರ ಪದ್ಧತಿ. ಪದ್ಧತಿ ನನಗೆ ಅರ್ಥವಾಗುತ್ತೆ. ಆದರೆ ಹೆತ್ತವಳನ್ನು ವರಾಂಡದಲ್ಲಿ ನಿಲ್ಲಿಸಿಕೊಂಡು ಎರಡು ನಿಮಿಷದಲ್ಲಿ ಮಾತು ಮುಗಿಸಿದ್ದನ್ನು ನಾನು ಇವತ್ತಿಗೂ ಒಪ್ಪಿಲ್ಲ. ಒಂದು ಕುರ್ಚಿ ಹಾಕಿ ಕೂರಿಸಿ ಹೇಳಬಹುದಿತ್ತು.

ಅವರ ರೂಮು ಖಾಲಿ ಮಾಡೋಕೆ ಅರ್ಧ ಗಂಟೆಯೂ ಬೇಕಾಗಲಿಲ್ಲ. ಎರಡು ಅಂಗಿ, ಕನ್ನಡಕ, ಜಪಮಾಲೆ, ಒಂದು ರೇಡಿಯೊ, ಚರ್ಮ ಕೊಯ್ಯುವ ಉಳಿ. ನಮಗೆ ಕನ್ನಡಕ ಕೊಟ್ಟರು. ಉಳಿ ಮಠದ ಆಸ್ತಿ.

ಎರಡು ವರ್ಷದ ಹಿಂದೆ ಅಜ್ಜಿ ಜಗುಲಿಯಲ್ಲಿ ಆ ಪ್ರಶ್ನೆ ಕೇಳಿದ ಮೇಲೆ ನಾನು ಚಿಕ್ಕಪ್ಪನ ಜತೆ ಕೆಲಸ ಮಾಡಿದ್ದ ಇನ್ನೊಬ್ಬ ಬ್ರದರ್‌ಗೆ ಫೋನ್ ಮಾಡಿದೆ. "ನಿಮ್ಮಲ್ಲಿ ಸತ್ತವರನ್ನ ನೆನೆಯೋ ಪದ್ಧತಿ ಏನಾದ್ರೂ ಇದೆಯಾ?" ಅಂತ ನೇರವಾಗೇ ಕೇಳಿದೆ. ಅವರು, "ಜುಲೈಗೆ ಬಾ, ಊಟಕ್ಕೆ" ಅಂದರು.

ಹೋದ ವರ್ಷ ಕೆಲಸದ ಮಧ್ಯೆ ಆಗಲಿಲ್ಲ. ಈ ವರ್ಷ ಹೋದೆ. ಊಟದ ಮನೆಯಲ್ಲಿ ಉದ್ದನೆಯ ಮೇಜು, ಹದಿನೈದು ಇಪ್ಪತ್ತು ಜನ. ಊಟದ ಪ್ರಾರ್ಥನೆಗೆ ಮುಂಚೆ ಹುಡುಗನೊಬ್ಬ ಎದ್ದು ನಿಂತ. ಇನ್ನೂ ತರಬೇತಿಯಲ್ಲಿರುವವನು, ಕನ್ನಡ ಆಗತಾನೆ ಕಲಿಯುತ್ತಿದ್ದ. ಗೋಡೆಯ ಗೂಡಿನಿಂದ ಒಂದು ದಪ್ಪ ಪುಸ್ತಕ ತೆಗೆದು ಆ ದಿನದ ಪುಟ ತೆರೆದ. ಆ ತಾರೀಖಿನಂದು, ಯಾವುದೇ ವರ್ಷವಾಗಲಿ, ತೀರಿಕೊಂಡ ಅವರ ಸಭೆಯ ಸನ್ಯಾಸಿಗಳ ಹೆಸರು ಆ ಪುಟದಲ್ಲಿರುತ್ತೆ. ಇದನ್ನು ನೆಕ್ರಾಲಜಿ ಅಂತಾರೆ. ಯುರೋಪಿನ ಮಠಗಳಲ್ಲಿ ಮಧ್ಯಯುಗದಿಂದ ಬಂದ ಪದ್ಧತಿ. ಕೆಲವು ಕಡೆ ಸಂಜೆಯ ಪ್ರಾರ್ಥನೆಯಲ್ಲಿ ಓದುತ್ತಾರೆ, ಕೆಲವು ಕಡೆ ಊಟಕ್ಕೆ ಮುಂಚೆ. ಹೀಗೆ ಓದುತ್ತಾ ಹೋದರೆ ವರ್ಷಕ್ಕೊಂದು ಸಲ ಪ್ರತಿಯೊಬ್ಬನ ಹೆಸರೂ ಬರುತ್ತೆ. ನೋಡಿದವರು ಯಾರೂ ಉಳಿದಿರದಿದ್ದರೂ ಬರುತ್ತೆ.

ಆ ಪುಟದಲ್ಲಿ ಮೂರು ಹೆಸರಿತ್ತು. ಒಬ್ಬರು ಪರದೇಶದಿಂದ ಬಂದು ಇಲ್ಲೇ ಮಣ್ಣಾದವರು. ಇನ್ನೊಬ್ಬರು ಹಿಂದೆ ಸಭೆಯ ಮುಖ್ಯಸ್ಥರಾಗಿದ್ದವರು. ಮೂರನೆಯದು ನಮ್ಮ ಚಿಕ್ಕಪ್ಪ. ದೊಡ್ಡವರು ಮೊದಲು, ಅಡುಗೆಯವರು ಆಮೇಲೆ ಅಂತ ಇಲ್ಲ. ಸತ್ತ ವರ್ಷದ ಪ್ರಕಾರ ಅಷ್ಟೇ.

ಹುಡುಗ ಓದಿದ. ಹೆಸರು, ಊರು 'ಕುನಿಗಾಲ್'. ವಯಸ್ಸು 61. ಸನ್ಯಾಸದಲ್ಲಿ 40 ವರ್ಷ. ಪ್ರಾರ್ಥನಾಶೀಲ, ವಿಧೇಯ, ರೋಗಿಗಳ ಸೇವಕ.

ನನ್ನ ಗಂಟಲು ಕಟ್ಟಿತು, ಅದು ನಿಜ. 'ವಿಧೇಯ' ಅಂದಾಗ ನಗುವೂ ಬಂತು. ಕರು ಹಾಕಿದ ಹಸುವನ್ನು ಮಾರಿದರು ಅಂತ ಮೇಲಿನವರ ಜತೆ ಒಂದು ತಿಂಗಳು ಮಾತು ಬಿಟ್ಟಿದ್ದ ಮನುಷ್ಯ ನಮ್ಮ ಚಿಕ್ಕಪ್ಪ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಬ್ರದರ್ ನನ್ನ ಕಡೆ ಬಗ್ಗಿ, "ಹಸು ವಿಷಯ ಬರೆದಿಲ್ಲ" ಅಂದರು.

ಅಲ್ಲಿಂದ ಬಂದ ಮೇಲೆ ಕರ್ನಾಟಕದಲ್ಲಿ ತೀರಿಹೋದ ಇಂಥ ಸನ್ಯಾಸಿಗಳ ನೆನಪು ಹೇಗೆ ಉಳಿದಿದೆ ಅಂತ ಹುಡುಕೋ ಚಟ ಹತ್ತಿತು. ಮೆಟ್ರೋದಲ್ಲಿ ರೀಲ್ಸ್ ನೋಡೋ ಬದಲು ಇದನ್ನೇ ಓದುತ್ತಾ ಹೋದೆ.

ಬಹಳ ಹಿಂದಿನವರಲ್ಲಿ ನನಗೆ ಸಿಕ್ಕವರು ಲೂಯಿಸ್ ದೊ ಸಾಲ್ವಾದೋರ್ ಅನ್ನುವ ಪೋರ್ಚುಗೀಸ್ ಫ್ರಾನ್ಸಿಸ್ಕನ್. 1510ರಲ್ಲಿ ಆಲ್ಬುಕರ್ಕ್ ಅವರನ್ನು ವಿಜಯನಗರಕ್ಕೆ ರಾಯಭಾರಿಯಾಗಿ ಕಳಿಸಿದ. ಕೃಷ್ಣದೇವರಾಯ ಪಟ್ಟಕ್ಕೆ ಬಂದು ಇನ್ನೂ ಒಂದು ವರ್ಷ. ಪೆನುಕೊಂಡವನ್ನು ಹಿಡಿದುಕೊಂಡಿದ್ದ ಸಾಮಂತನ ಮೇಲೆ ರಾಯ ದಂಡೆತ್ತಿ ಹೊರಟಿದ್ದಾನೆ ಅಂತ ಈ ಸನ್ಯಾಸಿ ಬರೆದು ಕಳಿಸಿದ. ಉಮ್ಮತ್ತೂರಿನ ಮೇಲಿನ ಯುದ್ಧದ ಬಗ್ಗೆ ಬರೆಯುವ ಇತಿಹಾಸಕಾರರು ಈ ಮಾತನ್ನು ಇವತ್ತಿಗೂ ಎತ್ತಿಕೊಳ್ಳುತ್ತಾರೆ. ಲೂಯಿಸ್ ಮಾತ್ರ ವಾಪಸ್ ಬರಲಿಲ್ಲ, ಅಲ್ಲೇ ಕೊಲೆಯಾದರು. ಹಂಪಿಗೆ ನಾಲ್ಕು ಸಲ ಹೋಗಿದ್ದೇನೆ, ಒಬ್ಬ ಗೈಡೂ ಅವರ ಹೆಸರು ಹೇಳಿದ್ದಿಲ್ಲ. ಧರ್ಮದ ಕೆಲಸಕ್ಕೆ ಬಂದವರು ರಾಜಕೀಯದ ಪತ್ರ ಹೊತ್ತು ಸತ್ತರು. ಅದನ್ನು ಸೇವೆ ಅನ್ನಬೇಕೋ ಬೇಡವೋ ಅನ್ನೋದು ಬೇರೆ ಚರ್ಚೆ.

ಮಂಗಳೂರಿನಲ್ಲಿ ಓದಿದ ಹೆಣ್ಣುಮಕ್ಕಳಿಗೆ ಇನ್ನೊಬ್ಬರ ಹೆಸರು ಗೊತ್ತಿರಬಹುದು: ಬಿಷಪ್ ಮರಿ ಎಫ್ರೆಮ್, ಫ್ರಾನ್ಸಿನ ಕಾರ್ಮೆಲೈಟ್ ಸನ್ಯಾಸಿ. 1870ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಮಂಗಳೂರಿಗೆ ಬಂದದ್ದು ಅವರ ಕಾಲದಲ್ಲಿ, ಅವರ ಒತ್ತಾಸೆಯಿಂದ. ಮೂರೇ ವರ್ಷಕ್ಕೆ, 1873ರಲ್ಲಿ, ಅವರು ತೀರಿಕೊಂಡರು. ಆ ಭಗಿನಿಯರ ಶಾಲೆ ಕಾಲೇಜುಗಳು ಇವತ್ತೂ ನಡೆಯುತ್ತಿವೆ.

ಇನ್ನು ನಮ್ಮ ಕಾಲಕ್ಕೇ ಹತ್ತಿರದವರು ಫಾದರ್ ಆಲ್ಫ್ರೆಡ್ ರೋಚ್. 1924ರಲ್ಲಿ ಬಾರ್ಕೂರಿನಲ್ಲಿ ಹುಟ್ಟಿದವರು, ಕಪುಚಿನ್ ಸನ್ಯಾಸಿ. ಬ್ರಹ್ಮಾವರದ ಸುತ್ತಮುತ್ತ ಬಡವರ ನಡುವೆ ಬದುಕಿ 1996ರ ಡಿಸೆಂಬರ್ 31ರಂದು ತೀರಿಕೊಂಡರು. ಈಗ ಅವರನ್ನು 'ದೇವರ ಸೇವಕ' ಅಂತ ಕರೆಯುತ್ತಾರೆ. ಅದು ಬರೀ ಗೌರವದ ಮಾತಲ್ಲ, ಸಂತ ಪದವಿಯ ದಾರಿಯ ಮೊದಲ ಮೆಟ್ಟಿಲು. ಈ ದಾರಿಯಲ್ಲಿ ಸಾಮಾನ್ಯವಾಗಿ ಸತ್ತು ಐದು ವರ್ಷವಾದರೂ ಕಳೆದಿರಬೇಕು. ಆಮೇಲೆ ಕಂಡವರನ್ನೆಲ್ಲ ಕೂರಿಸಿ ಸಾಕ್ಷಿ ಬರೆಸಿಕೊಳ್ಳುತ್ತಾರೆ, ಅವರು ಬರೆದ ಚೀಟಿಯನ್ನೂ ಬಿಡದೆ ಜೋಡಿಸುತ್ತಾರೆ, ರೋಮಿಗೆ ಕಳಿಸುತ್ತಾರೆ. ಪೂಜ್ಯರು, ಧನ್ಯರು, ಸಂತರು ಅಂತ ಮೆಟ್ಟಿಲು ಹತ್ತೋಕೆ ಕೆಲವರಿಗೆ ದಶಕಗಳು, ಕೆಲವರಿಗೆ ಶತಮಾನಗಳೇ ಹಿಡಿಯುತ್ತವೆ.

ನನ್ನ ಆಸಕ್ತಿ ಇದ್ದದ್ದು ಮೆಟ್ಟಿಲಲ್ಲಿ ಅಲ್ಲ, ಆ ಸಾಕ್ಷಿ ಬರೆಸಿಕೊಳ್ಳುವ ಕೆಲಸದಲ್ಲಿ. ಒಬ್ಬ ಮನುಷ್ಯನ ಬಗ್ಗೆ ಗೊತ್ತಿದ್ದವರನ್ನೆಲ್ಲ ಹುಡುಕಿಕೊಂಡು ಹೋಗಿ, ಒಳ್ಳೆಯದು ಕೆಟ್ಟದ್ದು ಎರಡನ್ನೂ ಕೇಳಿ ಬರೆದಿಡುವುದು. ಸಂತರಾಗುವವರಿಗೆ ಅದು ಸಿಗುತ್ತೆ. ಚಪ್ಪಲಿ ಹೊಲಿದವನಿಗೆ ಮೂರು ವಿಶೇಷಣ. ಮಠದವರು ಮಾಡಿದ್ದು ತಪ್ಪು ಅಂತ ಹೇಳುತ್ತಿಲ್ಲ. ನೂರಾರು ಹೆಸರು ಹೊರುವ ಪುಸ್ತಕಕ್ಕೆ ಹಸುವಿನ ಜಗಳ ಹಿಡಿಸೋದಿಲ್ಲ. ಹೆಸರು ಮಾಸದ ಹಾಗೆ ಅವರು ನೋಡಿಕೊಂಡಿದ್ದಾರೆ, ಅದೇ ದೊಡ್ಡದು. ನಾವು, ರಕ್ತಸಂಬಂಧಿಕರು, ಏನು ಮಾಡಿದ್ದೆವು? ಫ್ಯಾಮಿಲಿ ಗ್ರೂಪಿನಲ್ಲಿ ವರ್ಷಕ್ಕೊಂದು ಕೈಮುಗಿದ ಇಮೋಜಿ.

ಹಾಗಾಗಿ ಈಗ ಒಂದು ಕೆಲಸ ಹಿಡಿದಿದ್ದೇನೆ. ವಾರಕ್ಕೊಂದು ಫೋನು. ಅವರ ಜತೆ ಇದ್ದ ಸನ್ಯಾಸಿಗಳು, ಅವರ ಹತ್ತಿರ ಚಪ್ಪಲಿ ಹಾಕಿಸಿಕೊಂಡವರ ಮಕ್ಕಳು, ನಮ್ಮ ಅತ್ತೆಯರು. ಹೇಳಿದ್ದನ್ನು ಹೇಳಿದ ಹಾಗೇ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಕದ್ದು ಬೀಡಿ ಸೇದುತ್ತಿದ್ದರಂತೆ. ಕ್ರಿಕೆಟ್ ಕಾಮೆಂಟರಿ ಕೇಳುತ್ತಾ ಹೊಲಿಗೆ ತಪ್ಪಿಸಿ ಎರಡೂ ಚಪ್ಪಲಿ ಎಡಗಾಲಿಗೇ ಮಾಡಿದ್ದರಂತೆ. ಒಬ್ಬ ಹೆಂಗಸು ಹೇಳಿದ್ದು ಮಾತ್ರ ನನಗೆ ಮರೆಯೋಕಾಗಲ್ಲ. ಅವರ ಅಪ್ಪ ಸತ್ತಾಗ ಹೆಣ ಮುಟ್ಟೋಕೆ ಊರವರು ಹಿಂದೆ ಸರಿದರಂತೆ. ಚಿಕ್ಕಪ್ಪ ಬಂದು ಸ್ನಾನ ಮಾಡಿಸಿ, ಹೊಸ ಚಪ್ಪಲಿ ಹಾಕಿಸಿ ಕಳಿಸಿದರಂತೆ. "ಸತ್ತವರಿಗ್ಯಾಕೆ ಚಪ್ಪಲಿ ಅಂತ ಕೇಳ್ದೆ. ಅಳತೆ ತಗೊಂಡಿದ್ದೆ, ಕೊಡದೆ ಉಳಿದುಬಿಟ್ಟಿತ್ತು ಅಂದ್ರು" ಅಂತ ಆಕೆ ಹೇಳಿದರು.

2026ರ ಅಕ್ಟೋಬರ್ 3ಕ್ಕೆ ಫ್ರಾನ್ಸಿಸರು ತೀರಿಕೊಂಡು 800 ವರ್ಷ. ಸಾಯುವ ಹೊತ್ತಿಗೆ ತನ್ನನ್ನು ಬರಿನೆಲದ ಮೇಲೆ ಮಲಗಿಸಿ ಅಂದಿದ್ದರಂತೆ. ಪ್ರತಿ ವರ್ಷ ಆ ಸಂಜೆ ಅವರ ಮಠಗಳಲ್ಲಿ ಆ ಸಾವನ್ನು ನೆನೆಯುತ್ತಾರೆ. ಸಾವನ್ನು ಸೋದರಿ ಅಂತ ಕರೆದವರು ಅವರು. ಅಜ್ಜಿಗೆ ಇದನ್ನು ಹೇಳಿದೆ. "ಹಂಗೆಲ್ಲ ಅನ್ನೋಕೆ ಅವರಿಗೆ ಮಕ್ಕಳಿರ್ಲಿಲ್ಲ, ಬುಡು" ಅಂದುಬಿಟ್ಟಿತು. 88 ವರ್ಷದ ಅಜ್ಜಿ, ಮಗನನ್ನು ಮಣ್ಣು ಮಾಡಿದವಳು. ನಾನು ವಾದ ಮಾಡಲಿಲ್ಲ.

ಆದರೆ ಜುಲೈನಲ್ಲಿ ಆ ಊಟ ಮುಗಿಸಿ ಹೊರಗೆ ಬಂದು ಅಜ್ಜಿಗೆ ಫೋನ್ ಮಾಡಿದ್ದೆನಲ್ಲ, ಆ ಮಾತು ಹೇಳಬೇಕು. ಓದಿದ ಹುಡುಗ ನನ್ನ ಪಕ್ಕದಲ್ಲೇ ನಿಂತಿದ್ದ. ಊರಿನ ಹೆಸರು ಹೇಗೆ ಹೇಳೋದು ಅಂತ ಕೇಳೋಕೆ ಬಂದಿದ್ದ. ಅವನಿಗೆ ನಾಲ್ಕು ಸಲ ಹೇಳಿಕೊಟ್ಟೆ. ಕುಣಿಗಲ್. ಮಂಗಳೂರು ಹೈವೇಯಲ್ಲಿ ಬರುತ್ತೆ, ದೊಡ್ಡ ಕೆರೆ ಇದೆ, ಕುದುರೆ ಫಾರಂ ಇದೆ. ಅವನು ಪುಸ್ತಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ತನ್ನ ಭಾಷೆಯಲ್ಲಿ ಗುರುತು ಹಾಕಿಕೊಂಡ.

ಅಜ್ಜಿ ಎಲ್ಲ ಕೇಳಿಸಿಕೊಂಡಿತು. ಹೆಸರು ಓದಿದ್ದು, ಎಲ್ಲರೂ ಎದ್ದು ನಿಂತದ್ದು, ಊರಿನ ಹೆಸರೂ ಬಂದದ್ದು.

"ಪ್ರತೀ ವರ್ಷ ಓದ್ತಾರಾ?"

"ಪ್ರತೀ ವರ್ಷ, ಅಜ್ಜಿ."

"ನಾನು ಹೋದ್ಮೇಲೂ?"

"ಹೂಂ. ನಾನು ಹೋದ್ಮೇಲೂ."

ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಕೇಳಿತು: "ಊಟಕ್ಕೆ ಏನ್ ಮಾಡಿದ್ರು?"

"ಅನ್ನ, ಸಾರು, ಮೊಟ್ಟೆ."

"ಮುದ್ದೆ ಇರ್ಲಿಲ್ವಾ?"

"ಇಲ್ಲ."

"ಅವನಿಗೆ ಮುದ್ದೆ ಇಲ್ದಿದ್ರೆ ಊಟ ಸೇರ್ತಿರ್ಲಿಲ್ಲ," ಅಂತು ಅಜ್ಜಿ. "ಮುಂದಿನ ಸಲ ಹೋಗೋವಾಗ ನನ್ ಕೇಳು, ರಾಗಿ ಬೀಸಿ ಇಟ್ಟಿರ್ತೀನಿ. ಅಷ್ಟು ಜನಕ್ಕೆ ಎರಡು ಸೇರು ಹಿಟ್ಟು ಸಾಕಾಗುತ್ತಾ?"